ವೇದಿಕೆಯ ನಗೆ

ಚುನಾವಣೆಯ ಭಾಷಣಕಾರನು ಎದುರಾಳಿಯನ್ನು ಗೇಲಿಮಾಡಿದೊಡನೆ ಸಭೆ ಚಪ್ಪಾಳೆಯಿಕ್ಕುತ್ತದೆ. ಆ ಗದ್ದಲದಲ್ಲಿ ಊರಿನ ನೀರು, ರಸ್ತೆಗಳ ಪ್ರಶ್ನೆ ಮರೆತುಹೋಗುತ್ತದೆ. ಇದನ್ನು ಹಾಸ್ಯವೆನ್ನಲು ನನಗೆ ಸಮ್ಮತವಿಲ್ಲ.

ಹಾಸ್ಯದ ಹದವನ್ನು ನಮ್ಮ ಸೀಮೆಗೆ ಕಲಿಸಿದವರು ಬೀಚಿಯವರು. ಅಂದು ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿಯಲ್ಲಿ 1913ರಲ್ಲಿ ಜನಿಸಿದ ರಾಯಸಂ ಭೀಮಸೇನರಾಯರು ಪೊಲೀಸು ಇಲಾಖೆಯಲ್ಲಿ ದುಡಿದು, ಅಧಿಕಾರದ ಒಳಹೊರಗನ್ನು ಬಲ್ಲವರಾಗಿದ್ದರು. ಆದರೂ ಅವರ ತಿಂಮನು ಲೋಕದ ಪೆದ್ದುತನವನ್ನು ಎತ್ತಿ ತೋರುವುದು ತಾನೇ ಪೆದ್ದನಾಗಿ ನಿಂತು. ಆತ್ಮಕಥೆಗೂ ಅವರಿಟ್ಟ ಹೆಸರು ‘ನನ್ನ ಭಯಾಗ್ರಫಿ’! ತನ್ನನ್ನು ಬಿಟ್ಟು ಉಳಿದವರನ್ನೆಲ್ಲ ನಗೆಗೀಡುಮಾಡುವ ವೇದಿಕೆಯ ವಾಗ್ಮಿಗೆ ಈ ಧೈರ್ಯವೆಲ್ಲಿಯದು?

ಹಲಕುಂದಿಯ ತರುಣರು ಭಾಷಣ ಕೇಳಿ ನಗಬಾರದೆಂದು ನಾನು ಹೇಳಲಾರೆ. ಮನಸಾರೆ ನಗಲಿ, ನಕ್ಕ ಬಳಿಕ ಎದ್ದುನಿಂತು, “ಅದಿರಲಿ ಸ್ವಾಮಿ, ನಮ್ಮೂರ ನೀರಿನ ಮಾತೇನಾಯಿತು?” ಎಂದು ಕೇಳಲಿ.