ಓದಿದ್ದು ನಾನಾ, ಥಂಡರ್‌ಬರ್ಡಾ?

ಥಂಡರ್‌ಬರ್ಡ್‌ನಲ್ಲಿ ಮೆಸೇಜ್ ಪೇನ್ ತೆರೆದಿಟ್ಟು ಬಾಣದ ಕೀಲಿ ಒತ್ತುತ್ತಾ ಇಳಿದರೆ ಸಾಕು, ದಪ್ಪಕ್ಷರದ ಮೇಲ್‌ಗಳೆಲ್ಲ ತೆಳ್ಳಗಾಗಿಬಿಡುತ್ತವೆ. ಓದಿ ಮುಗೀತಂತೆ! ಯಾರು ಹೇಳಿದ್ದು ಸ್ವಾಮಿ?

ಐಮ್ಯಾಪ್‌ನಲ್ಲಿ ಈ ಗುರುತಿನ ಹೆಸರು ‘ಸೀನ್’, ಅಂದ್ರೆ ಕಂಡದ್ದು. ಕೊಟ್ಟಿರೋ ಅರ್ಥ ಮಾತ್ರ ‘ಓದಲಾಗಿದೆ’. ಎಡವಟ್ಟು ಅಲ್ಲೇ ಶುರು. ಗುರುತು ಇರೋದು ಸರ್ವರ್‌ನಲ್ಲಿ. ಲ್ಯಾಪ್‌ಟಾಪ್‌ನಲ್ಲಿ ಕಣ್ಣಾಡಿಸಿದ್ದು ಫೋನ್‌ನಲ್ಲೂ ‘ಓದಿದ್ದು’ ಆಗುತ್ತೆ. ಉತ್ತರಕ್ಕೆ ಕಾದವರು ಕಾಯ್ತಾನೇ ಇರ್ತಾರೆ.

5 ಸೆಕೆಂಡ್ ತಡೆದು ಗುರುತು ಹಾಕೋ ಆಯ್ಕೆ ಇದೆಯಲ್ಲ ಅಂತೀರಾ? ಸೆಕೆಂಡ್ ಎಣಿಸಿದರೆ ಓದಿದಂತಾಯ್ತೇ? ಅಷ್ಟರಲ್ಲಿ ಫೋನ್ ರಿಂಗಾದರೆ?

ಸೆಟ್ಟಿಂಗ್ಸ್‌ನ ‘ಜನರಲ್’ಗೆ ಹೋಗಿ, ತಾನಾಗಿ ‘ರೀಡ್’ ಮಾಡೋ ಆಯ್ಕೆಯ ಟಿಕ್ ಕಿತ್ತುಹಾಕಿ. ಓದಿ, ಮಾಡಬೇಕಾದ್ದು ಮಾಡಿ, ಆಮೇಲೆ ‘ಎಂ’ ಒತ್ತಿ. ಓದಿದೆ ಅಂತ ಹೇಳೋ ಹಕ್ಕು ಓದಿದವರದ್ದು, ತಂತ್ರಾಂಶದ್ದಲ್ಲ. ನೀವೇನಂತೀರಿ?