ಕಡಲನ್ನು ಕಾಣುವ ಬಗೆ

ಮಾಗಡಿ ತಾಲ್ಲೂಕಿನ ಕುದೂರಿನ ಮಕ್ಕಳಿಗೆ ಸಮುದ್ರವೆಂದರೆ ಭೂಪಟದ ಅಂಚಿನ ನೀಲಿ ಬಣ್ಣ. ಆ ಸೀಮೆಯ ಮಳೆನೀರು ಕಾವೇರಿಯನ್ನು ಸೇರಿ ಪೂರ್ವದ ಬಂಗಾಳ ಕೊಲ್ಲಿಗೆ ಹರಿಯುತ್ತದೆ. ಪ್ರವಾಸ ಹೊರಟ ಮಕ್ಕಳು ಮಾತ್ರ ಘಟ್ಟವಿಳಿದು ಪಶ್ಚಿಮದ ಅರಬ್ಬೀ ಸಮುದ್ರಕ್ಕೆ ಹೋಗುತ್ತಾರೆ.

ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರ್ ಉದ್ದವಿದೆ. ಕಾರವಾರದ ತೀರ ತರುಣ ರವೀಂದ್ರನಾಥ ಠಾಕೂರರ ಮನಸೆಳೆದಿತ್ತು. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸೇಂಟ್ ಮೇರೀಸ್ ದ್ವೀಪದಲ್ಲಿ, ಲಾವಾರಸ ಆರಿ ಕುಗ್ಗಿದಾಗ ಮೂಡಿದ ಕಂಬದಂತಹ ಬಂಡೆಗಳನ್ನು ಕಾಣಬಹುದು. ಆದರೆ ಒಂದೇ ದಿನದ ಬಿಡುವುಳ್ಳವರಿಗೆ ಮರವಂತೆಯೇ ಲೇಸು. ಅಲ್ಲಿ ಹೆದ್ದಾರಿಯ ಒಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿ ಸದ್ದಿಲ್ಲದೆ ಹರಿದರೆ, ಇನ್ನೊಂದು ಮಗ್ಗುಲಲ್ಲಿ ಕಡಲು ಮೊರೆಯುತ್ತದೆ.

ಇಂತಹ ಚೆಲುವನ್ನು ದಡದಲ್ಲಿ ನಿಂತೇ ಸವಿಯಬೇಕು. ಕೆರೆಯಲ್ಲಿ ಈಜು ಕಲಿತವನಿಗೆ ಕಡಲಿನ ಗುಣ ತಿಳಿಯದು. ದಡಕ್ಕೆ ಬಡಿದ ಅಲೆಗಳ ನೀರು ಕಿರಿದಾದ ಓಣಿಯೊಂದನ್ನು ಹಿಡಿದು ರಭಸದಿಂದ ಹಿಂದಿರುಗುತ್ತದೆ. ಮೇಲೆ ನೋಡಲು ಆ ಭಾಗವೇ ಶಾಂತವಾಗಿ ಕಾಣುವುದುಂಟು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲಪಾಲಾದರು. ಅವರೂ ಬಯಲುಸೀಮೆಯ ಮಕ್ಕಳೇ. ಪ್ರವಾಸದ ಖರ್ಚಿನ ಲೆಕ್ಕ ಹಾಕುವ ಶಾಲೆಗಳು ಈ ಸೆಳೆತದ ಪಾಠವನ್ನೂ ಹೊರಡುವ ಮುನ್ನವೇ ಹೇಳಬೇಕು. ಸೆಳೆತಕ್ಕೆ ಸಿಕ್ಕವನು ದಡದತ್ತ ಹೋರಾಡಿ ದಣಿಯದೆ, ದಡಕ್ಕೆ ಸಮಾನಾಂತರವಾಗಿ ಈಜಿ ಅದರಿಂದ ಹೊರಬರಬೇಕು. ದಡದಲ್ಲಿರುವ ಗೆಳೆಯರು ತಾವೂ ನೀರಿಗೆ ಹಾರದೆ ಜೀವರಕ್ಷಕರನ್ನು ಕೂಗಬೇಕು. ಕೆಂಪು ಬಾವುಟ ಹಾರುತ್ತಿದ್ದರೆ ಪಾದ ತೋಯಿಸುವುದೂ ಬೇಡ.