ದುಬಾರಿ ವೈನ್: ಕೊಟ್ಟ ಹಣಕ್ಕೆ ತಕ್ಕ ರುಚಿಯುಂಟೇ?

ಕ್ರಿಸ್ತಜಯಂತಿ ಕಳೆದು ತಪಸ್ಸುಕಾಲ ಆರಂಭವಾಗುವವರೆಗಿನ ವಾರಗಳು ಮತ್ತು ಪಾಸ್ಖ ಹಬ್ಬದ ನಂತರದ ದಿನಗಳು ನಮ್ಮ ಕುಟುಂಬಗಳಿಗೆ ವಿವಾಹಗಳ ಕಾಲ. ಬೀದರ್ ನಗರವಿರಲಿ, ಭಾಲ್ಕಿ, ಔರಾದ್ ಕಡೆಯ ಊರುಗಳಿರಲಿ, ವಧೂವರರಿಗೆ ಶುಭ ಕೋರುವಾಗ ವೈನ್ ಹಂಚುವ ರೂಢಿಯಿರುವ ಮನೆಗಳಲ್ಲಿ ಈಚೆಗೆ ಒಂದು ಚರ್ಚೆ ಕೇಳಿಬರುತ್ತಿದೆ: ಸೀಸೆ ಎಷ್ಟು ಬೆಲೆಯದಾಗಿರಬೇಕು? ಅಗ್ಗದ್ದನ್ನು ತಂದರೆ ಬೀಗರು ಏನೆಂದಾರು ಎಂಬ ಅಳುಕು ಇದರ ಹಿಂದಿದೆ.

ಮೊದಲು ಲೆಕ್ಕ ನೋಡೋಣ. ಇನ್ನೂರು ಅತಿಥಿಗಳಿಗೆ ತಲಾ 50 ಮಿಲಿ ಲೀಟರ್ ಹಂಚಿದರೆ ಒಟ್ಟು ಹತ್ತು ಲೀಟರ್, ಅಂದರೆ 750 ಮಿಲಿ ಲೀಟರಿನ ಹದಿನಾಲ್ಕು ಸೀಸೆಗಳು ಬೇಕು. ಸೀಸೆಗೆ 700 ರೂಪಾಯಿಯಂತೆ 9,800 ರೂಪಾಯಿ. 3,000 ರೂಪಾಯಿಯಂತೆ 42,000 ರೂಪಾಯಿ. ವ್ಯತ್ಯಾಸ 32,200. 2025-26ರ ಮುಂಗಾರು ಹಂಗಾಮಿಗೆ ಕೇಂದ್ರ ಸರ್ಕಾರ ತೊಗರಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಔರಾದಿನ ರೈತನೊಬ್ಬನ ನಾಲ್ಕು ಕ್ವಿಂಟಲ್ ತೊಗರಿಯ ಹಣ ಎರಡು ಗುಟುಕುಗಳಲ್ಲಿ ಕರಗುತ್ತದೆ. ಆ ಹಣಕ್ಕೆ ಪ್ರತಿಯಾಗಿ ಅತಿಥಿಯ ನಾಲಗೆಗೆ ಏನಾದರೂ ಸಿಗುತ್ತದೆಯೇ?

ಭಾಲ್ಕಿಯ ಅಡತ್ ಅಂಗಡಿಗೆ ತೊಗರಿ ಒಯ್ದರೆ ವ್ಯಾಪಾರಿಯು ಕಾಳನ್ನು ಅಂಗೈಯಲ್ಲಿಟ್ಟು ನೋಡಿ ದರ ಹೇಳುತ್ತಾನೆ. ಬೀದರಿನ ಬಿದರಿ ಹೂಜಿಯ ಬೆಲೆಯೂ ಕಣ್ಣಿಗೆ ಕಾಣುವಂಥದ್ದೇ: ಬೆಳ್ಳಿ ಎಷ್ಟು ಕೂಡಿದೆ, ಕೆತ್ತನೆ ಎಷ್ಟು ಸೂಕ್ಷ್ಮವಾಗಿದೆ ಎಂಬುದನ್ನು ನೋಡಿಯೇ ಕೊಳ್ಳಬಹುದು. ಬಿರಡೆ ಹಾಕಿದ ಸೀಸೆಯ ವಿಷಯ ಹಾಗಲ್ಲ. ಕೊಳ್ಳುವವನಿಗೆ ಕಾಣುವುದು ಹೆಸರಿನ ಚೀಟಿ ಮತ್ತು ಬೆಲೆ, ಇವೆರಡೇ.

ಬೆಲೆಯೆಲ್ಲವೂ ಮೋಸವೆಂದು ಹೇಳಲಾಗದು. ನಮ್ಮ ರಾಜ್ಯದ ಬೆಂಗಳೂರು ಬ್ಲೂ ದ್ರಾಕ್ಷಿ ಹೇರಳವಾಗಿ ಫಲಿಸುತ್ತದೆ. ಅದರಿಂದ ತಯಾರಾಗುವ ಸಿಹಿ ವೈನ್ ಅಗ್ಗವಾಗಿರುವುದು ಸಹಜ. 1992ರಲ್ಲಿ ತನ್ನ ಮೊದಲ ವೈನ್ ಹೊರತಂದ ದೊಡ್ಡಬಳ್ಳಾಪುರದ ಗ್ರೋವರ್ ಸಂಸ್ಥೆ ಬೆಳೆಸಿದ ಕ್ಯಾಬರ್ನೆ, ಶಿರಾಜ್ ಮೊದಲಾದ ಫ್ರೆಂಚ್ ತಳಿಗಳಲ್ಲಿ ಉತ್ತಮ ರಸಕ್ಕಾಗಿ ಇಳುವರಿಯನ್ನು ಬೇಕೆಂದೇ ಕಡಿಮೆ ಮಾಡುತ್ತಾರೆ, ಖರ್ಚು ಏರುತ್ತದೆ. ಓಕ್ ಮರದ ಪೀಪಾಯಿಯಲ್ಲಿ ಹಣ್ಣಾಗಿಸಿದರೆ ಮತ್ತಷ್ಟು ಖರ್ಚು. ಆದರೆ 225 ಲೀಟರಿನ ಒಂದು ಪೀಪಾಯಿಯಿಂದ ಮುನ್ನೂರು ಸೀಸೆ ತುಂಬುತ್ತದೆ. ದುಬಾರಿ ಪೀಪಾಯಿಯನ್ನು ಒಂದೇ ಬಾರಿ ಬಳಸಿದರೂ ಸೀಸೆಯೊಂದಕ್ಕೆ ಬೀಳುವ ವೆಚ್ಚ ಕೆಲವು ನೂರು ರೂಪಾಯಿ ಮಾತ್ರ. ಆದ್ದರಿಂದ ತೀರಾ ಅಗ್ಗದ ಸೀಸೆಗೂ ಮಧ್ಯಮ ದರದ ಸೀಸೆಗೂ ನಿಜವಾದ ಅಂತರವಿರಬಹುದು. ಅದರಾಚೆಗೆ ಏರುವ ಬೆಲೆಯ ಬಹುಭಾಗ ಹೆಸರಿಗೆ, ಮತ್ತು ವಿದೇಶದ್ದಾದರೆ ತೆರಿಗೆಗೆ.

ಈ ತೆರಿಗೆಯನ್ನು ತುಸು ಗಮನಿಸಬೇಕು. ಶೇಕಡ 150ರ ಆಮದು ಸುಂಕದಲ್ಲಿ, 500 ರೂಪಾಯಿಗೆ ನಮ್ಮ ಬಂದರು ಮುಟ್ಟಿದ ಸೀಸೆಯು ಅಲ್ಲಿಂದ ಹೊರಡುವಾಗಲೇ 1,250 ರೂಪಾಯಿಯದಾಗುತ್ತದೆ; ಸಾಗಾಟ, ರಾಜ್ಯದ ಅಬಕಾರಿ ತೆರಿಗೆ, ಅಂಗಡಿಯ ಲಾಭ ಇನ್ನೂ ಸೇರಬೇಕು. ತನ್ನ ನಾಡಿನಲ್ಲಿ ದಿನನಿತ್ಯದ ಊಟದ ಮೇಜಿಗೆ ಬರುವ ಸಾಮಾನ್ಯ ವೈನ್ ನಮ್ಮಲ್ಲಿ ಶ್ರೀಮಂತರ ಪೇಯವೆನಿಸಿಕೊಳ್ಳುವುದು ಹೀಗೆ. 2022ರ ಡಿಸೆಂಬರ್ 29ರಂದು ಜಾರಿಗೆ ಬಂದ ಆಸ್ಟ್ರೇಲಿಯಾದೊಡನೆಯ ವ್ಯಾಪಾರ ಒಪ್ಪಂದವು, 15 ಡಾಲರಿಗೂ ಮಿಗಿಲಾದ ಸೀಸೆಗಳ ಸುಂಕವನ್ನು ಶೇಕಡ 75ಕ್ಕೆ ಇಳಿಸಿತು. 5 ಡಾಲರಿನ ಮೇಲಿನವುಗಳಿಗೆ ಶೇಕಡ 100. ಅದಕ್ಕಿಂತ ಕಡಿಮೆ ಬೆಲೆಯವಕ್ಕೆ ಯಾವ ರಿಯಾಯಿತಿಯೂ ಇಲ್ಲ. ಉಳ್ಳವರ ಸೀಸೆಗೇ ಹೆಚ್ಚಿನ ಕೃಪೆ! ನಮ್ಮ ದ್ರಾಕ್ಷಿ ಬೆಳೆಗಾರರ ರಕ್ಷಣೆಗಾಗಿ ಹೀಗೆ ಮಾಡಿದ್ದಾರೆಂಬ ಸಮಜಾಯಿಷಿಯಲ್ಲಿ ತಥ್ಯವಿಲ್ಲದಿಲ್ಲ.

ರುಚಿಯ ಪರೀಕ್ಷೆಯೂ ನಡೆದಿದೆ. 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಬೆಲೆ, ಹೆಸರುಗಳನ್ನು ಮರೆಮಾಡಿ ಆರು ಸಾವಿರಕ್ಕೂ ಹೆಚ್ಚು ಬಾರಿ ವೈನಿನ ರುಚಿ ನೋಡಿಸಲಾಯಿತು. ತರಬೇತಿಯಿಲ್ಲದ ಸಾಮಾನ್ಯರು ದುಬಾರಿ ವೈನನ್ನು ಮೆಚ್ಚಿದ್ದು ಅಗ್ಗದ್ದಕ್ಕಿಂತ ತುಸು ಕಡಿಮೆ. ಪಳಗಿದವರಲ್ಲಿ ಮಾತ್ರ ದುಬಾರಿಯ ಕಡೆಗೆ ಕೊಂಚ ಒಲವು ಕಂಡಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಸಂಶೋಧಕರು ಒಂದೇ ವೈನನ್ನು ಒಮ್ಮೆ 10 ಡಾಲರಿನದೆಂದೂ ಮತ್ತೊಮ್ಮೆ 90 ಡಾಲರಿನದೆಂದೂ ಹೇಳಿ ಕುಡಿಸಿದರು. 90ರದ್ದೇ ರುಚಿಯೆಂದರು ಕುಡಿದವರು. ಮೆದುಳಿನ ಚಿತ್ರಗಳಲ್ಲಿ ಸುಖಾನುಭವಕ್ಕೆ ಸಂಬಂಧಿಸಿದ ಭಾಗವೂ ಹೆಚ್ಚು ಚುರುಕಾಗಿತ್ತು. ಅವರು ಸುಳ್ಳು ಹೇಳಿದ್ದಲ್ಲ. ಬೆಲೆಯೇ ಅವರ ಬಾಯಿಯಲ್ಲಿ ರುಚಿಯಾಗಿತ್ತು.

ಸಂತ ಯೊವಾನ್ನರ ಶುಭಸಂದೇಶದ ಕಾನಾ ಊರಿನ ಮದುವೆಯನ್ನು ಈ ಬೆಳಕಿನಲ್ಲಿ ಓದಿದರೆ ಒಂದು ಸಂಗತಿ ಹೊಳೆಯುತ್ತದೆ. ಔತಣದ ಮೇಲ್ವಿಚಾರಕನಿಗೆ ಆ ದ್ರಾಕ್ಷಾರಸ ಎಲ್ಲಿಂದ ಬಂತೆಂಬುದು ತಿಳಿದಿರಲಿಲ್ಲ. ಕಲ್ಲಿನ ಬಾನೆಗಳಲ್ಲಿ ತುಂಬಿದ್ದು ನೀರೆಂಬುದನ್ನು ಅರಿತವರು ಸೇವಕರು ಮಾತ್ರ. ಚೀಟಿಯಿಲ್ಲ, ಬೆಲೆಯಿಲ್ಲ, ಆತ ಬಾಯಿಯ ರುಚಿಯಿಂದಲೇ ತೀರ್ಪು ಹೇಳಿದ. ಇನ್ನು ಬಲಿಪೂಜೆಯ ದ್ರಾಕ್ಷಾರಸದ ಬಗ್ಗೆ 1983ರ ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ವಿಧಿ ಕೇಳುವುದಿಷ್ಟು: ಅದು ದ್ರಾಕ್ಷಿಯಿಂದಲೇ ಆದ ಸಹಜ ರಸವಾಗಿರಬೇಕು, ಕೆಟ್ಟಿರಬಾರದು. ಬೆಲೆಯ ಪ್ರಸ್ತಾಪವೇ ಅಲ್ಲಿಲ್ಲ.

ಕೆಡುವ ಮಾತು ಬಂದದ್ದರಿಂದ ನಮ್ಮ ಹವೆಯನ್ನೂ ನೆನೆಯಬೇಕು. ವೈನಿನ ಪರಮ ವೈರಿ ಶಾಖ. ಬೇಸಿಗೆಯಲ್ಲಿ 40 ಡಿಗ್ರಿಯ ಆಸುಪಾಸು ಕಾಯುವ ನಮ್ಮ ಜಿಲ್ಲೆಯಲ್ಲಿ, ಲಾರಿಯಲ್ಲಿ ಬೆಂದು ಬಂದು ಅಂಗಡಿಯ ಹಲಗೆಯ ಮೇಲೆ ತಿಂಗಳುಗಟ್ಟಲೆ ನಿಂತ ಸೀಸೆಯ ರಸ ಎಷ್ಟೇ ಬೆಲೆಯದಾದರೂ ಸಪ್ಪೆಯಾಗುತ್ತದೆ. ನಮ್ಮ ಕಡೆಯ ಫಲಕಗಳ ಮೇಲೆ ‘ವೈನ್ಸ್’ ಎಂದು ದೊಡ್ಡದಾಗಿ ಬರೆದಿದ್ದರೂ ಒಳಗೆ ಬಿಕರಿಯಾಗುವುದು ಬಹುಮಟ್ಟಿಗೆ ವಿಸ್ಕಿ, ರಮ್ಮುಗಳೇ. ನಿಧಾನವಾಗಿ ಮಾರಾಟವಾಗುವ ದುಬಾರಿ ಸೀಸೆ ಎಷ್ಟು ಬೇಸಿಗೆ ಕಂಡಿದೆಯೋ ಕೇಳಿ ಕೊಳ್ಳುವುದು ಲೇಸು.

ಕುಡಿತದಿಂದ ನೊಂದ ಮನೆಗಳವರು ಶರಬತ್ತಿನಿಂದಲೇ ಶುಭ ಕೋರುತ್ತಾರೆ; ಅದರಲ್ಲಿ ಯಾವ ಕೊರತೆಯೂ ಇಲ್ಲ. ವೈನ್ ಬೇಕೇಬೇಕೆನ್ನುವವರು ಮದುವೆಗೆ ಹದಿನೈದು ದಿನ ಮೊದಲು ಎರಡು ದರದ ಒಂದೊಂದು ಸೀಸೆ ತಂದು, ಎರಡನ್ನೂ ಕಾಗದದಲ್ಲಿ ಸುತ್ತಿ, ಎರಡೂ ಕಡೆಯ ಹಿರಿಯರನ್ನು ಕೂರಿಸಿ ರುಚಿ ನೋಡಿಸಲಿ. ಉಳಿದ ಸೀಸೆಗಳ ದರವನ್ನು ಬೀಗರೇ ಹೇಳಲಿ, ಕಾಗದ ಬಿಚ್ಚುವ ಮೊದಲು.